ಸಹಿಗಿಂತ ಮೊದಲು ತೂತು: ಟೋಕಿಯೊ, ತಕಯಾಮಾ, ಕ್ಯೋಟೊದಲ್ಲಿ ನೆಟ್ಸುಕೆ ಹುಡುಕಾಟ

ಹಳೆಯ ನೆಟ್ಸುಕೆ, ಅಂದರೆ ಕಿಮೊನೊದ ಸೊಂಟಪಟ್ಟಿಗೆ ಸಿಕ್ಕಿಸುವ ಕೆತ್ತನೆಯ ಗುಂಡಿ, ಕೊಳ್ಳಲೆಂದು ಜಪಾನಿಗೆ ಹೊರಡುವವರು ಟಿಕೆಟ್ ತೆಗೆಯುವ ಮುಂಚೆ ಕ್ಯಾಲೆಂಡರ್ ನೋಡಬೇಕು. ಟೋಕಿಯೊದ ಓಎದೊ ಸಂತೆ ಸಾಮಾನ್ಯವಾಗಿ ತಿಂಗಳ ಮೊದಲ ಮತ್ತು ಮೂರನೇ ಭಾನುವಾರ. ಕ್ಯೋಟೊದ ತೋಜಿ ದೇವಾಲಯದ ಸಂತೆ ಯಾವ ವಾರವೇ ಬರಲಿ, 21ನೇ ತಾರೀಖು. ಕಿತಾನೊ ತೆನ್ಮಂಗು ಗುಡಿಯದು 25. ಮೂರನೇ ಭಾನುವಾರ 17ಕ್ಕೆ ಬಿದ್ದ ತಿಂಗಳಾದರೆ ಒಂದೇ ವಾರದಲ್ಲಿ ಎರಡು ದೊಡ್ಡ ಸಂತೆ, ನಡುವೆ ತಕಯಾಮಾ ಎಂಬ ಬೆಟ್ಟದೂರು, ಮೊದಲಿಗೊಂದು ಕೊನೆಗೊಂದು ಮ್ಯೂಸಿಯಂ ಸೇರಿಸಬಹುದು. ಈ ಕಥನ ಅಂಥ ಒಂದು ವಾರದ್ದು.

ಚೀಲದಲ್ಲಿ ಇರಬೇಕಾದ್ದು ಹೆಚ್ಚೇನಿಲ್ಲ: 10 ಪಟ್ಟು ದೊಡ್ಡದಾಗಿ ತೋರಿಸುವ ಲೂಪ್, ಪೆನ್ನಿನಷ್ಟು ಸಣ್ಣ ಟಾರ್ಚು, 365 ನ್ಯಾನೊಮೀಟರಿನ ಅತಿನೇರಳೆ ಟಾರ್ಚು, ಪ್ಲಾಸ್ಟಿಕ್ ವರ್ನಿಯರ್ ಕ್ಯಾಲಿಪರ್ (ಲೋಹದ್ದು ಗೀರು ಬೀಳಿಸುತ್ತದೆ), 2 ಮಿ.ಮೀ. ದಪ್ಪದ ಒಂದು ಮೊಳ ಹತ್ತಿ ದಾರ, ಬಿಳಿ ಬಟ್ಟೆ. ಬಯಲು ಸಂತೆಯಲ್ಲಿ ಕಾರ್ಡ್ ನಡೆಯುತ್ತದೆಂದು ನಂಬಿಕೊಳ್ಳಬೇಡಿ. 10,000 ಯೆನ್ ನೋಟಿನ ಜೊತೆ 1,000ದ ನೋಟುಗಳೂ ಬೇಕು.

ಶನಿವಾರ 16, ಟೋಕಿಯೊ

ಮೊದಲ ದಿನ ಕೊಳ್ಳುವ ಮಾತೇ ಬೇಡ. ಉಏನೊ ಉದ್ಯಾನದ ಟೋಕಿಯೊ ರಾಷ್ಟ್ರೀಯ ಮ್ಯೂಸಿಯಂನ ಮುಖ್ಯ ಕಟ್ಟಡದಲ್ಲಿ ತಕಮಾದೊ ರಾಜಕುಮಾರರ ಸಂಗ್ರಹಕ್ಕೆಂದೇ ಒಂದು ಕೋಣೆ ಇದೆ. ಅಲ್ಲಿರುವವು ಹೆಚ್ಚಾಗಿ ಈ ಕಾಲದ ಕಲಾವಿದರ ನೆಟ್ಸುಕೆಗಳು, ಸರದಿಯ ಮೇಲೆ ಬದಲಾಯಿಸಿ ಇಡುತ್ತಾರೆ. ಹಳೆಯವು ಬೇರೆ ಸಂಗ್ರಹದವು. ಉದ್ಯಮಿ ಗೋ ಸೆಯಿನೊಸುಕೆ ಕೂಡಿಸಿದ ದೊಡ್ಡ ಗುಂಪು ಇದೇ ಮ್ಯೂಸಿಯಂನಲ್ಲಿದೆ. ಸೋಮವಾರ ರಜೆ, ಹಾಗಾಗಿಯೇ ಶನಿವಾರಕ್ಕೆ ಇಟ್ಟುಕೊಂಡಿದ್ದು.

ವಸ್ತು ಏನೆಂದು ಗೊತ್ತಿಲ್ಲದವರಿಗೆ ಎರಡು ಮಾತು. ಕಿಮೊನೊಗೆ ಜೇಬಿಲ್ಲ. ತಂಬಾಕಿನ ಸಂಚಿ, ಔಷಧದ ಇನ್ರೊ ಡಬ್ಬಿ, ದುಡ್ಡಿನ ಚೀಲ ಎಲ್ಲವೂ ದಾರದಲ್ಲಿ ತೂಗಬೇಕು. ದಾರ ಒಬಿ ಎಂಬ ಸೊಂಟಪಟ್ಟಿಯ ಹಿಂದಿನಿಂದ ಮೇಲೆ ಬರುತ್ತದೆ, ಜಾರಿ ಬೀಳದಂತೆ ಅದರ ತುದಿಗೆ ಕಟ್ಟಿದ ಗುಂಡಿಯೇ ನೆಟ್ಸುಕೆ. ನಡುವೆ ದಾರ ಬಿಗಿ ಮಾಡಲು ಒಜಿಮೆ ಎಂಬ ಮಣಿ. ಮೂರ್ತಿಯ ಹಾಗೆ ಸುತ್ತಲೂ ಕೆತ್ತಿದ್ದು ಕತಾಬೊರಿ, ಸಾಧಾರಣವಾಗಿ 3ರಿಂದ 5 ಸೆಂ.ಮೀ. ಚಪ್ಪಟೆ ದುಂಡಗಿನದು ಮಾಂಜು, ಅದರಲ್ಲೇ ಜಾಲರಿ ಕೊರೆದದ್ದು ರ್‍ಯೂಸಾ, ಲೋಹದ ಮುಚ್ಚಳ ಇದ್ದದ್ದು ಕಗಾಮಿಬುತಾ, ಒಬಿಯೊಳಗೆ ಉದ್ದಕ್ಕೆ ಸಿಕ್ಕಿಸುವುದು ಸಾಶಿ. 1868ರಲ್ಲಿ ಶೋಗನ್‌ಗಳ ಆಳ್ವಿಕೆಯ ಎದೊ ಕಾಲ ಮುಗಿದ ಮೇಲೆ ಪ್ಯಾಂಟು, ಸಿಗರೇಟು ಬಂದವು, ಸೊಂಟದ ಸಂಚಿ ಹೋಯಿತು. ಕೆತ್ತುವವರು ಬದುಕಬೇಕಲ್ಲ, ವಿದೇಶಿ ಗಿರಾಕಿಗಳಿಗೆ ಕೆತ್ತತೊಡಗಿದರು. ಮಾರುಕಟ್ಟೆಯ ಮುಕ್ಕಾಲು ಗೊಂದಲ ಅಲ್ಲಿಂದಲೇ ಶುರು.

ಮ್ಯೂಸಿಯಂನಲ್ಲಿ ಮುಖ ನೋಡುತ್ತ ಕಾಲ ಕಳೆಯಬೇಡಿ. ಗಾಜಿನ ಪಕ್ಕಕ್ಕೆ ಬಗ್ಗಿ ಬೆನ್ನು, ತಳ, ದಾರದ ತೂತು ನೋಡಿ. ಕೈಕಾಲು ಹೊರಚಾಚಿಲ್ಲದ್ದನ್ನು ಗಮನಿಸಿ: ಬಾಲ ಹೊಟ್ಟೆಗೆ ಸುತ್ತಿರುತ್ತದೆ, ಕಿವಿ ಬೆನ್ನಿಗೆ ಅಂಟಿರುತ್ತದೆ. ಚೂಪಾದ ಒಂದು ಮೂಲೆ ಸಾಕು, ರೇಷ್ಮೆ ಬಟ್ಟೆ ಹರಿಯುತ್ತದೆ. ಈ ಅಡಕ ಕಣ್ಣಿಗೆ ಹತ್ತಿದರೆ ನಾಳೆ ಅರ್ಧ ಕೆಲಸ ಹಗುರ.

ಭಾನುವಾರ 17, ಓಎದೊ ಸಂತೆ

ಯೂರಾಕುಚೊ ನಿಲ್ದಾಣದ ಪಕ್ಕ, ಟೋಕಿಯೊ ಇಂಟರ್‌ನ್ಯಾಷನಲ್ ಫೋರಂನ ಬಯಲಿನಲ್ಲಿ 2003ರಿಂದ ನಡೆಯುತ್ತಿರುವ ಸಂತೆ. ಮಳೆ ಬಂದರೆ ಇಲ್ಲ. ಹಾಲ್‌ನಲ್ಲಿ ಬೇರೆ ಕಾರ್ಯಕ್ರಮ ಇದ್ದರೆ ತಾರೀಖೂ ಬದಲಾಗುತ್ತದೆ, ವಾರಕ್ಕೆ ಮುಂಚೆಯೇ ಖಾತ್ರಿ ಮಾಡಿಕೊಳ್ಳಬೇಕು. ವ್ಯಾಪಾರಿಗಳು ಚಾಪೆ, ಮಡಚುವ ಮೇಜು ಹಾಕಿಕೊಂಡು ಕೂರುತ್ತಾರೆ. ನೆಟ್ಸುಕೆ ಹೆಚ್ಚಾಗಿ ಗಾಜಿನ ಮುಚ್ಚಳದ ತಟ್ಟೆಯಲ್ಲಿ, ಕತ್ತಿಯ ತ್ಸುಬಾ (ಹಿಡಿಯ ಮೇಲಿನ ಕೈತಡೆ ಬಿಲ್ಲೆ) ಮತ್ತು ತಂಬಾಕಿನ ಕೊಳವೆಗಳ ನಡುವೆ ಇರುತ್ತದೆ.

ಕೈಗೆ ತೆಗೆದುಕೊಳ್ಳುವ ಮುಂಚೆ ಕೇಳುವುದು ಮರ್ಯಾದೆ. ತೆಗೆದುಕೊಂಡರೆ ಮೇಜಿನ ಮೇಲೆಯೇ, ಬಟ್ಟೆ ಹಾಸಿ, ಎರಡು ಕೈಯಲ್ಲಿ. ಮೊದಲು ತಿರುಗಿಸಿ ಹಿಮೊತೋಶಿ ನೋಡಿ. ದಾರ ಪೋಣಿಸುವ ಎರಡು ತೂತುಗಳಿಗೆ ಆ ಹೆಸರು. ಬಳಸಲೆಂದು ಕೆತ್ತಿದ ಹಳೆಯ ನೆಟ್ಸುಕೆಯಲ್ಲಿ ಅನೇಕ ವೇಳೆ ಒಂದು ತೂತು ದೊಡ್ಡದು, ಇನ್ನೊಂದು ಚಿಕ್ಕದು: ಗಂಟು ದೊಡ್ಡದರೊಳಗೆ ಅಡಗಬೇಕು. ಕೆಲವಕ್ಕೆ ಕೊರೆದ ತೂತೇ ಇಲ್ಲ, ಕಾಲಿಗೂ ಹೊಟ್ಟೆಗೂ ನಡುವಿನ ಸಂದಿಯಲ್ಲೇ ದಾರ ಹಾಯುತ್ತದೆ. ದಾರ ವರ್ಷಗಟ್ಟಲೆ ಎಳೆದಿದ್ದರೆ ತೂತಿನ ಅಂಚು ಒಂದೇ ಕಡೆ, ಅಂದರೆ ಭಾರ ಬೀಳುವ ಕಡೆ, ದುಂಡಗೆ ಸವೆದಿರುತ್ತದೆ. ಎರಡೂ ತೂತು ಒಂದೇ ಅಳತೆ, ನಡುಮಧ್ಯಕ್ಕೆ ಅಳೆದು ಹಾಕಿದಂತಿದೆ, ಅಂಚು ಸುತ್ತಲೂ ಚೂಪಾಗಿದೆ ಎಂದರೆ ಅದು ರಫ್ತಿಗೆ ಮಾಡಿದ್ದೋ ಹೋದ ವರ್ಷದ್ದೋ ಆಗಿರುವ ಸಾಧ್ಯತೆ ಹೆಚ್ಚು.

ಇನ್ನೊಂದು ಚಮತ್ಕಾರವೂ ಇದೆ. ಒಕಿಮೊನೊ ಎಂದರೆ ಕಪಾಟಿನಲ್ಲಿ ಇಡುವ ಅಲಂಕಾರದ ಬೊಂಬೆ, ತೂತಿರುವುದಿಲ್ಲ. ನೆಟ್ಸುಕೆಗೆ ಬೆಲೆ ಹೆಚ್ಚೆಂದು ಅದಕ್ಕೇ ಆಮೇಲೆ ತೂತು ಕೊರೆದು ಮಾರುವವರಿದ್ದಾರೆ. ತೂತಿನೊಳಗೆ ಟಾರ್ಚು ಬಿಟ್ಟು ಲೂಪ್ ಹಿಡಿಯಿರಿ. ಒಳಗೋಡೆ ಹೊರಮೈಗಿಂತ ಬಿಳಿಚಿಕೊಂಡಿದ್ದು ಡ್ರಿಲ್ ತಿರುಗಿದ ಸುರುಳಿ ಗೆರೆ ಕಂಡರೆ ವಾಪಸು ಇಟ್ಟುಬಿಡಿ. ಸಂಶಯ ಉಳಿದರೆ ಕೇಳಿಕೊಂಡು ನಿಮ್ಮ ಹತ್ತಿ ದಾರ ಪೋಣಿಸಿ ಇಳಿಬಿಡಿ. ನಿಜವಾದ ನೆಟ್ಸುಕೆ ಮುಖ ಹೊರಗೆ ಮಾಡಿ, ಬೆನ್ನು ಬಟ್ಟೆಗೆ ಒರಗುವಂತೆ ತೂಗುತ್ತದೆ. ಒಕಿಮೊನೊ ತಲೆಕೆಳಗಾಗಿಯೋ ಪಕ್ಕಕ್ಕೆ ವಾಲಿಯೋ ನೇತಾಡುತ್ತದೆ.

ಸವೆತವನ್ನೂ ಓದಬೇಕು. ಬೆನ್ನು, ಮಂಡಿ, ಹಣೆ ಮುಂತಾದ ಉಬ್ಬಿನ ಜಾಗ ನಯವಾಗಿ ತಿಳಿಬಣ್ಣಕ್ಕೆ ತಿರುಗಿರಬೇಕು, ಕಂಕುಳು, ಕಿವಿಯ ಸಂದಿಯಲ್ಲಿ ಹಳೆಯ ಬಣ್ಣ ಉಳಿದಿರಬೇಕು. ಎಲ್ಲ ಗೀರಿನಲ್ಲೂ ಒಂದೇ ಸಮ ಕಪ್ಪು ತುಂಬಿದ್ದು, ಎಲ್ಲ ಉಬ್ಬೂ ಒಂದೇ ಸಮ ಹೊಳೆಯುತ್ತಿದ್ದರೆ ಅದು ಬಣ್ಣದ ನೀರಲ್ಲಿ ಅದ್ದಿ ಒರೆಸಿದ್ದು.

ಎರಕದ ರಾಳದ ತುಂಡುಗಳು ಪ್ರತಿ ಸಂತೆಯಲ್ಲೂ ಇರುತ್ತವೆ. ತಳದ ಅಂಚಿನಲ್ಲಿ ಅಚ್ಚಿನ ಕೂಡುಗೆರೆ, ಮಡಿಕೆಗಳಲ್ಲಿ ಸೂಜಿಮೊನೆಯಷ್ಟು ಗುಳ್ಳೆ ಅವುಗಳ ಗುರುತು. ತೂಕ ನೋಡಿ ತೀರ್ಮಾನಿಸಬಾರದು, ಕಲ್ಲಿನ ಪುಡಿ ಬೆರೆಸಿ ತೂಕ ಸರಿದೂಗಿಸುತ್ತಾರೆ. ಮರದ ಪುಡಿ ಬೆರೆಸಿದ ಎರಕಕ್ಕೆ ಮರದ ವಾಸನೆಯೂ ಇರಬಹುದು. ಅದನ್ನು ಹಿಡಿದುಕೊಡುವುದು ನಾರು: ನಿಜವಾದ ಮರದಲ್ಲಿ ಪಕ್ಕದ ಗೆರೆ ತುದಿಗೆ ಬಂದಾಗ ಉಂಗುರವಾಗುತ್ತದೆ, ಎರಕದಲ್ಲಿ ಆ ಲೆಕ್ಕ ಕೂಡುವುದಿಲ್ಲ. ಕಾಯಿಸಿದ ಸೂಜಿ ಚುಚ್ಚಿ ನೋಡುವ ಸಲಹೆ ಎಲ್ಲೆಡೆ ಓಡಾಡುತ್ತದೆ. ನಿಜವಾದ ವಸ್ತುವಿಗೂ ಶಾಶ್ವತ ಗಾಯ ಮಾಡುವ ಪರೀಕ್ಷೆ ಅದು, ಮಾಡಲೇಬಾರದು.

ಚೌಕಾಸಿ ನಮ್ಮ ಕೆ.ಆರ್. ಮಾರ್ಕೆಟ್ಟಿನ ಧಾಟಿಯಲ್ಲಿ ನಡೆಯದು. ಅರ್ಧಕ್ಕೆ ಕೇಳಿದರೆ ತಟ್ಟೆಯ ಮುಚ್ಚಳ ಮುಚ್ಚಿಹೋಗುತ್ತದೆ. ಹತ್ತರಲ್ಲೊಂದು ಪಾಲು ಬಿಡಿಸಿಕೊಂಡರೆ ಸಾಕಷ್ಟಾಯಿತು, ಎರಡು ತುಂಡು ಒಟ್ಟಿಗೆ ತೆಗೆದುಕೊಂಡರೆ ಇನ್ನಷ್ಟು ಸಡಿಲ.

ಸೋಮವಾರ 18, ಬೆಟ್ಟದ ದಾರಿ

ಟೋಕಿಯೊದಿಂದ ನಗೊಯಾಗೆ ಶಿಂಕನ್ಸೆನ್ ಬುಲೆಟ್ ರೈಲು, ಅಲ್ಲಿಂದ ಹಿದಾ ಎಕ್ಸ್‌ಪ್ರೆಸ್, ಎರಡೂವರೆ ಗಂಟೆಯ ಆಸುಪಾಸು. ನದಿಯ ಪಕ್ಕವೇ ಹಳಿ ಏರುತ್ತದೆ. ಅಂಗಡಿಗಳು ಸಂಜೆ 5ಕ್ಕೇ ಬಾಗಿಲು ಹಾಕುವುದರಿಂದ ಇವತ್ತು ಬೇರೇನೂ ಆಗದು.

ಮಂಗಳವಾರ 19, ತಕಯಾಮಾ

ಮತ್ಸುದಾ ಸುಕೆನಾಗಾ (1800–1871) ಇದೇ ಊರಿನವನು. ಎದೊದ, ಅಂದರೆ ಇಂದಿನ ಟೋಕಿಯೊದ, ನೆಟ್ಸುಕೆ ಕುಸುರಿಯನ್ನು ಹಿದಾ ಸೀಮೆಯ ಇಚಿಯಿ ಮರಕ್ಕೆ ಒಗ್ಗಿಸಿ, ಬಣ್ಣ ಹಚ್ಚದೆ, ಉಳಿಯ ಪೆಟ್ಟು ಕಾಣುವಂತೆ ಬಿಡುವ ಪದ್ಧತಿಯನ್ನು ನೆಲೆಗೊಳಿಸಿದವನು. ಅದಕ್ಕೆ ಇಚಿಯಿ ಇತ್ತೊಬೊರಿ ಎನ್ನುತ್ತಾರೆ. ಈ ಮರದ ತಿರುಳು ಕೆಂಪು, ಹೊರಗಿನ ಎಳೆಮರ ಬಿಳಿ. ಕೆತ್ತುವವರು ಎರಡನ್ನೂ ಒಂದೇ ತುಂಡಿನಲ್ಲಿ ಹೊಂದಿಸುತ್ತಾರೆ: ಕಪ್ಪೆಯ ಬೆನ್ನು ಕೆಂಪು, ಹೊಟ್ಟೆ ಬಿಳಿ. ಬಣ್ಣ ವರ್ಷ ಕಳೆದಂತೆ ಗಾಢವಾಗುತ್ತದೆ, ಹೊಸದೂ ಹಳೆಯದೂ ಪಕ್ಕಪಕ್ಕ ಇಟ್ಟರೆ ಯಾರಿಗೂ ಗೊತ್ತಾಗುವಷ್ಟು.

ಸನ್ಮಾಚಿಯ ಹಳೆ ಬೀದಿಗಳಲ್ಲಿ ಇವತ್ತಿಗೂ ಕೆತ್ತುತ್ತ ಕೂತವರು ಸಿಗುತ್ತಾರೆ. ಹೊಸ ತುಂಡನ್ನು ಹೊಸದೆಂದೇ ಹೇಳಿ ಮಾರುತ್ತಾರೆ, ಕೆತ್ತಿದವರೇ ಸಹಿ ಮಾಡಿದ ಮರದ ಪೆಟ್ಟಿಗೆ ಜೊತೆಗಿರುತ್ತದೆ. ಹಳೆಯದರ ಹುಚ್ಚಿಗೆ ಬಿದ್ದವರೂ ಇಲ್ಲಿ ಒಂದು ಹೊಸದನ್ನು ಕೊಳ್ಳುವುದು ಒಳ್ಳೆಯದು. ಉಳಿಯ ಏಟು ತಾಜಾ ಇದ್ದಾಗ ಹೇಗಿರುತ್ತದೆಂದು ಬೆರಳಿಗೆ ಗೊತ್ತಾದರೆ ಸವೆದ ಏಟನ್ನು ಆಮೇಲೆ ಗುರುತಿಸಬಹುದು.

ಇಲ್ಲೊಂದು ಕೊಕ್ಕೆ ಇದೆ. ಇಚಿಯಿ ಅಂದರೆ ಜಪಾನಿ ಯೂ ಮರ, ಟ್ಯಾಕ್ಸಸ್ ಕಸ್ಪಿಡೇಟಾ. ಅದು ಅಳಿವಿನಂಚಿನ ಜೀವಿ, ಗಿಡಮರಗಳ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಎರಡನೇ ಪಟ್ಟಿಯಲ್ಲಿದೆ. ಚಿಲ್ಲರೆ ಮಾರಾಟಕ್ಕೆ ಪ್ಯಾಕ್ ಮಾಡಿ ಸಿದ್ಧವಾದ ವಸ್ತುವಿಗೆ ವಿನಾಯಿತಿ ಉಂಟು. ಆದ್ದರಿಂದ ಹೊಸದನ್ನು ಅಂಗಡಿಯ ಪೆಟ್ಟಿಗೆ, ಚೀಟಿ, ರಸೀದಿ ಸಮೇತ ತೆಗೆದುಕೊಂಡು ಹಾಗೇ ಒಯ್ಯಿರಿ. ಬಿಡಿಯಾಗಿ ಸಿಕ್ಕ ಹಳೆಯ ಇಚಿಯಿ ತುಂಡಿಗೆ ಪರವಾನಗಿಯ ಮಾತು ಮೊದಲು ಕೇಳಿ, ದುಡ್ಡಿನ ಮಾತು ಆಮೇಲೆ. ನೆಟ್ಸುಕೆಯ ಮುಖ್ಯ ಮರವಾದ ತ್ಸುಗೆಗೆ (ಬಾಕ್ಸ್‌ವುಡ್) ಈ ತಕರಾರಿಲ್ಲ.

ಬುಧವಾರ 20, ಕ್ಯೋಟೊ: ಶಿನ್ಮೊನ್‌ಜೆನ್ ಬೀದಿ

ಬೆಳಗಿನ ಹಿದಾ ರೈಲು ಹಿಡಿದು ನಗೊಯಾದಲ್ಲಿ ಬದಲಿಸಿದರೆ ಮಧ್ಯಾಹ್ನಕ್ಕೆ ಕ್ಯೋಟೊ. ಗಿಯೊನ್‌ನ ಉತ್ತರಕ್ಕಿರುವ ಶಿನ್ಮೊನ್‌ಜೆನ್ ಮತ್ತು ಅದರ ಪಕ್ಕದ ಫುರುಮೊನ್‌ಜೆನ್ ಹಳೆಯ ಕಲಾವಸ್ತುಗಳ ಅಂಗಡಿ ಬೀದಿಗಳು. ಬಾಗಿಲು ಮುಚ್ಚಿದಂತೆ ಕಂಡರೂ ತಳ್ಳಿದರೆ ತೆರೆಯುತ್ತದೆ. ಇಲ್ಲಿ ಸಂತೆಯ ಬೆಲೆ ಇಲ್ಲ. ಬದಲಿಗೆ ಕಾಲ, ಕೆತ್ತಿದವನು, ರಿಪೇರಿ ಎಲ್ಲವನ್ನೂ ರಸೀದಿಯಲ್ಲಿ ಬರೆದುಕೊಡಿ ಎಂದು ಕೇಳುವ ಹಕ್ಕು ಇದೆ. ಬರೆದುಕೊಡಲು ಹಿಂಜರಿದರೆ ಹೇಳಿದ ಕಾಲವನ್ನು ಬಾಯಿಮಾತೆಂದೇ ತಿಳಿಯಿರಿ.

ಸಹಿಯ ಮಾತು ಇಲ್ಲಿ ಹೇಳಬೇಕು. ಕ್ಯೋಟೊದ ತೊಮೊತಾದಾ 18ನೇ ಶತಮಾನದವನು, ಮಲಗಿದ ಎತ್ತಿಗೆ ಹೆಸರಾದವನು. 1781ರಲ್ಲಿ ಒಸಾಕಾದಲ್ಲಿ ಅಚ್ಚಾದ ‘ಸೋಕೆನ್ ಕಿಶೋ’ ಎಂಬ ಪುಸ್ತಕದಲ್ಲೇ ಅವನ ಹೆಸರಿನ ನಕಲಿಗಳು ಬಹಳ ಎಂದು ಬರೆದಿದೆ. ಅಂದರೆ ತೊಮೊತಾದಾ ಸಹಿ ಇರುವ ಎತ್ತು ಇನ್ನೂರು ವರ್ಷಕ್ಕೂ ಹಳೆಯದಾಗಿದ್ದೂ ನಕಲಿಯಾಗಿರಬಹುದು! ಮಸನಾವೊ ಎಂಬ ಹೆಸರೂ ಅಷ್ಟೇ. ಕ್ಯೋಟೊದ ಮಸನಾವೊ ಒಬ್ಬ, ಇಸೆಯ ಯಮಾದಾ ಊರಿನಲ್ಲಿ ತಲೆಮಾರಿನಿಂದ ತಲೆಮಾರಿಗೆ ಅದೇ ಹೆಸರು ಇಟ್ಟುಕೊಂಡವರು ಬೇರೆ. ಬೆಲೆಯಲ್ಲಿ ಅಜಗಜಾಂತರ. ಹೀಗಾಗಿ ತೂತು, ಸವೆತ, ಕೆತ್ತನೆ ಈ ಮೂರೂ ಒಪ್ಪಿಗೆಯಾದ ಮೇಲೆ ಕೊನೆಗೆ ಸಹಿ. ಸಹಿಯ ಗೆರೆಯೊಳಗಿನ ಸವೆತ ಸುತ್ತಲಿನ ಮೈಯ ಸವೆತಕ್ಕೆ ಹೊಂದಬೇಕು. ಮೈ ಸವೆದು ಅಕ್ಷರ ಮಾತ್ರ ಗರಿಗರಿಯಾಗಿದ್ದರೆ ಆಮೇಲೆ ಕೊರೆದದ್ದು. ಸಹಿಯಿಲ್ಲದ ಒಳ್ಳೆಯ ಕೆಲಸ ಬೇಕಾದಷ್ಟಿದೆ, ಮೊದಲ ಖರೀದಿಗೆ ಅದೇ ಸರಿ.

ಈ ಬೀದಿಯ ಕಪಾಟುಗಳಲ್ಲಿ ದಂತದ ನೆಟ್ಸುಕೆ ಕಣ್ಣಿಗೆ ಹೊಡೆಯುವಷ್ಟಿದೆ. ಜಪಾನಿನೊಳಗೆ ಕಾನೂನಿನ ಚೌಕಟ್ಟಿನಲ್ಲಿ ಮಾರುತ್ತಾರೆ. ನಮಗೆ ಅದು ಬೇಡ. ಭಾರತದಲ್ಲಿ ವನ್ಯಜೀವಿ ಕಾಯ್ದೆಯ 1986ರ ತಿದ್ದುಪಡಿ ನಮ್ಮ ಆನೆಯ ದಂತದ ವ್ಯಾಪಾರವನ್ನೂ 1991ರದ್ದು ಆಫ್ರಿಕಾದಿಂದ ತರಿಸಿದ ದಂತದ ವ್ಯಾಪಾರವನ್ನೂ ನಿಲ್ಲಿಸಿದವು. ಮೈಸೂರಿನ ಬೀಟೆ ಮರದ ಕೆತ್ತುಕೂಡಿಕೆಯವರು ದಂತ ಬಿಟ್ಟು ಪ್ಲಾಸ್ಟಿಕ್‌ಗೂ ಬಣ್ಣಬಣ್ಣದ ಮರಕ್ಕೂ ಹೊರಳಿದ್ದು ಈ ನಿಷೇಧದಿಂದಲೇ. ಅಂಗಡಿಯವರು ‘ಮ್ಯಾಮತ್ ದಂತ’ ಎಂದರೆ ಅಡ್ಡಕೊಯ್ತದ ಮೈಯಲ್ಲಿ ಹೆಣೆದ ಗೆರೆ ನೋಡಿ: ಮ್ಯಾಮತ್‌ನಲ್ಲಿ ಗೆರೆಗಳು ಸೇರುವ ಕೋನ ಸಾಧಾರಣವಾಗಿ 90 ಡಿಗ್ರಿಗಿಂತ ಕಡಿಮೆ, ಆನೆಯಲ್ಲಿ 115ಕ್ಕಿಂತ ಹೆಚ್ಚು. ಇದು ತಿಳಿವಳಿಕೆಗೆ ಮಾತ್ರ. ವಿಮಾನ ನಿಲ್ದಾಣದ ಅಧಿಕಾರಿಯ ಮುಂದೆ ಕೋನಮಾಪಕ ಹಿಡಿದು ವಾದಿಸುವ ಆಸೆ ಬೇಡ. ಜಿಂಕೆ ಕೊಂಬು, ಆಮೆ ಚಿಪ್ಪು, ನೀರಾನೆ ಮತ್ತು ತಿಮಿಂಗಿಲದ ಹಲ್ಲು ಇವನ್ನೂ ಅದೇ ಸಾಲಿಗೆ ಸೇರಿಸಿ ದೂರ ಇಡುವುದು ಕ್ಷೇಮ.

ಹೆಚ್ಚಿನವರು ಎಡವುವುದು ಮರದ ನೆಟ್ಸುಕೆಯಲ್ಲೇ. ಮೈಯೆಲ್ಲ ತ್ಸುಗೆ ಮರ, ಆದರೆ ಹಲ್ಲು, ಕಣ್ಣಿನ ಬಿಳಿ ಅಥವಾ ಸಹಿ ಕೊರೆದ ಸಣ್ಣ ಹಲಗೆ ದಂತದ್ದಾಗಿರುತ್ತದೆ. ಎಳ್ಳಿನಷ್ಟಿದ್ದರೂ ದಂತ ದಂತವೇ. ಅತಿನೇರಳೆ ಟಾರ್ಚು ಇಲ್ಲಿ ಕೆಲಸಕ್ಕೆ ಬರುತ್ತದೆ. ದಂತ ಮತ್ತು ಮೂಳೆ ನೀಲಿ ಬಿಳುಪಾಗಿ ಮಿನುಗುತ್ತವೆ, ಎಮ್ಮೆ ಕೋಡಿನ ಕಪ್ಪು ಕಣ್ಣುಗುಡ್ಡೆ ಮಿನುಗದು. ಅದೇ ಬೆಳಕಿನಲ್ಲಿ ಮುರಿದು ಅಂಟಿಸಿದ ಕಡೆಯ ಗೋಂದೂ ಬೇರೆ ಬಣ್ಣದ ಗೆರೆಯಾಗಿ ಎದ್ದು ಕಾಣುತ್ತದೆ.

ಗುರುವಾರ 21, ತೋಜಿ

ಬೌದ್ಧ ಗುರು ಕೂಕಾಯ್, ಅಂದರೆ ಕೋಬೊ ದಾಯ್ಶಿ, 835ರ ಮೂರನೇ ತಿಂಗಳ 21ರಂದು ತೀರಿಕೊಂಡರು. ಅವರ ನೆನಪಿನ ದಿನ ಸೇರುವ ಸಂತೆಗೆ ಜನ ಕೋಬೊ-ಸಾನ್ ಎನ್ನುತ್ತಾರೆ. ಕ್ಯೋಟೊ ನಿಲ್ದಾಣದಿಂದ ಕಾಲು ಗಂಟೆ ನಡಿಗೆ, ಐದಂತಸ್ತಿನ ಗೋಪುರವೇ ದಾರಿ ತೋರಿಸುತ್ತದೆ. ಸಾವಿರಕ್ಕೂ ಮಿಕ್ಕಿ ಅಂಗಡಿ, ಆದರೆ ಅರ್ಧಕ್ಕರ್ಧ ಉಪ್ಪಿನಕಾಯಿ, ಗಿಡ, ಬಟ್ಟೆ. ಹಳೇ ಸಾಮಾನಿನವರು ಚದುರಿಕೊಂಡಿರುತ್ತಾರೆ. ಬೆಳಕು ಹರಿಯುವ ಹೊತ್ತಿಗೆ ವ್ಯಾಪಾರಿಗಳು ತಮ್ಮತಮ್ಮಲ್ಲೇ ಕೊಂಡು ಮುಗಿಸಿರುತ್ತಾರೆ, 9ಕ್ಕೆ ಬಂದವರಿಗೆ ಉಳಿದದ್ದು. ಜನವರಿ, ಡಿಸೆಂಬರ್ ಸಂತೆಗೆ ಕಾಲಿಡಲು ಜಾಗವಿರುವುದಿಲ್ಲ.

ಇಲ್ಲಿ ಒಂದು ಚಾಪೆಯ ಮೇಲೆ ಕಂಡ ಕಪ್ಪೆಯನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ತ್ಸುಗೆ ಮರ, 3.4 ಸೆಂ.ಮೀ., ಇಸೆ ಯಮಾದಾ ಧಾಟಿ, ಸಹಿ ಇಲ್ಲ. ಬೆನ್ನಿನ ತುಂಬ ಸಾಸಿವೆಗಿಂತ ಸಣ್ಣ ನರಹುಲಿಗಳು. ಇದನ್ನು ಮಾಡುವ ರೀತಿಗೆ ಉಕಿಬೊರಿ ಎಂದು ಹೆಸರು. ಮೊಂಡು ಮೊನೆಯ ಉಪಕರಣದಿಂದ ಮರವನ್ನು ಬೇಕಾದ ಚುಕ್ಕೆಗಳಲ್ಲಿ ಒಳಕ್ಕೆ ಒತ್ತುತ್ತಾರೆ. ನಾರು ತುಂಡಾಗಬಾರದು, ಬರೀ ಅದುಮಿರಬೇಕು. ಆಮೇಲೆ ಸುತ್ತಲಿನ ಮೈಯನ್ನು ಆ ಗುಳಿಯ ತಳದ ಮಟ್ಟಕ್ಕೆ ಹೆರೆದು ತೆಗೆಯುತ್ತಾರೆ. ಈಗ ಎಲ್ಲ ಸಪಾಟು. ಬಿಸಿನೀರು ತಾಗಿಸಿದಾಗ ಅದುಮಿದ ನಾರು ಉಬ್ಬಿ ಮೇಲೇಳುತ್ತದೆ, ಚುಕ್ಕೆ ಇದ್ದಲ್ಲಿ ನರಹುಲಿ. ಒತ್ತಿದ್ದು ಜಾಸ್ತಿಯಾದರೆ ನಾರು ಹರಿದು ಏಳುವುದಿಲ್ಲ, ಹೆರೆದದ್ದು ಕಡಿಮೆಯಾದರೆ ಗುಳಿಯಾಗಿಯೇ ಉಳಿಯುತ್ತದೆ.

ಲೂಪ್ ಕೆಳಗೆ ಅಸಲಿ ಉಬ್ಬಿನ ಬುಡದಲ್ಲಿ ಉಳಿಯ ಗುರುತಿರದು, ಮರದ ಗೆರೆ ಉಬ್ಬಿನ ಮೇಲೆ ಹತ್ತಿ ಇಳಿಯುತ್ತದೆ. ಅಗ್ಗದ ನಕಲಿಯಲ್ಲಿ ಪ್ರತಿ ಉಬ್ಬಿನ ಸುತ್ತ ತಿರುಗುಯಂತ್ರದ ಮೊನೆ ಕೆರೆದ ಉಂಗುರ ಕಾಣುತ್ತದೆ, ಗೆರೆ ಅಲ್ಲಿಗೇ ಕಡಿಯುತ್ತದೆ. ಚಾಪೆಯ ಕಪ್ಪೆಯಲ್ಲಿ ಗೆರೆ ಹತ್ತಿ ಇಳಿದಿತ್ತು. ಬೆನ್ನ ನಡುವಿನ ನರಹುಲಿಗಳು ಅಂಚಿನವಕ್ಕಿಂತ ತಗ್ಗಾಗಿ ಸವೆದಿದ್ದವು. ಒಂದು ಹಿಂಗಾಲಿನ ಬೆರಳು ಮುಕ್ಕಾಗಿತ್ತು, ಆದರೆ ಮುಕ್ಕಿನ ಮೈಯೂ ನಯವಾಗಿ ಕಪ್ಪಿಟ್ಟಿತ್ತು, ಅಂದರೆ ಬಳಕೆಯ ಕಾಲದಲ್ಲೇ ಮುರಿದದ್ದು. ಅಂಥ ಮುಕ್ಕು ಬೆಲೆ ಇಳಿಸುತ್ತದೆ, ಗೌರವ ಇಳಿಸುವುದಿಲ್ಲ. ಹೊಸದಾಗಿ ಮುರಿದ ಬಿಳಿ ಗಾಯವಾಗಿದ್ದರೆ ಲೆಕ್ಕವೇ ಬೇರೆ. ಇಂಥದಕ್ಕೆ ಸಂತೆಯಲ್ಲಿ ಹತ್ತಾರು ಸಾವಿರ ಯೆನ್ ಕೇಳುವುದು ನ್ಯಾಯವೇ. ಇಡೀ ತಟ್ಟೆ 3,000ಕ್ಕೊಂದರಂತೆ ಮಾರುತ್ತಿದ್ದರೆ ತಟ್ಟೆಯೇ ಉತ್ತರ ಹೇಳುತ್ತಿದೆ.

ಶುಕ್ರವಾರ 22, ಮಿಬು, ಆಮೇಲೆ ಮೂಟೆ ಕಟ್ಟುವುದು

ಮಿಬು ದೇವಾಲಯದ ಹತ್ತಿರ ಹಳೆಯ ಸಮುರಾಯ್ ಮನೆಯೊಂದರಲ್ಲಿ ಕ್ಯೋಟೊ ಸೆಯಿಶೂ ನೆಟ್ಸುಕೆ ಮ್ಯೂಸಿಯಂ ಇದೆ, 2007ರಲ್ಲಿ ತೆರೆದದ್ದು. ಹೊಸ ಕಾಲದ ಕೆಲಸವೇ ಹೆಚ್ಚು. ಸಂತೆ ನೋಡಿ ಬಂದ ಕಣ್ಣಿಗೆ ಇಲ್ಲಿ ಇನ್ನೊಂದು ಬಗೆಯ ಪಾಠ: ಸವೆತದ ಆಸರೆ ಇಲ್ಲದೆ ಬರೀ ಕೆತ್ತನೆ ಹೇಗೆ ನಿಲ್ಲುತ್ತದೆ ಎಂಬುದು. ಎರಡು ಗಂಟೆ ಸಾಕು.

ಕಟ್ಟುವ ಕ್ರಮ: ಆಮ್ಲರಹಿತ ಟಿಶ್ಯೂ ಕಾಗದದಲ್ಲಿ ಸುತ್ತಿ, ಮೆತ್ತೆ ಇರುವ ಗಟ್ಟಿ ಡಬ್ಬಿಗೆ ಹಾಕಿ, ಕೈಚೀಲದಲ್ಲಿ ಇಡಿ. ಇನ್ರೊ ಮುಂತಾದ ಉರುಶಿ (ಮರದ ಅಂಟಿನ ಅರಗು) ಮೆರುಗಿನ ವಸ್ತುವಿಗೆ ಗುಳ್ಳೆ ಪ್ಲಾಸ್ಟಿಕ್ ನೇರವಾಗಿ ಸುತ್ತಬಾರದು, ಗುಳ್ಳೆಯ ಅಚ್ಚು ಮೈಮೇಲೆ ಬೀಳುತ್ತದೆ. ದಾರ, ಒಜಿಮೆ ಜೊತೆಗಿದ್ದರೆ ಬಿಚ್ಚಬೇಡಿ, ದಾರ ಮಾತ್ರ ನೆಟ್ಸುಕೆಗೆ ಉಜ್ಜದಂತೆ ನಡುವೆ ಕಾಗದ ಇಡಿ.

ಪ್ರವಾಸಿಗಳಿಗೆ ತೆರಿಗೆ ಬಿಡುವ ಅಂಗಡಿಯಲ್ಲಿ ಕೊಂಡದ್ದಕ್ಕೆ 10% ಬಳಕೆ ತೆರಿಗೆಯ ವಿನಾಯಿತಿ ಉಂಟು, ಸಂತೆಯ ಚಾಪೆಯವರಲ್ಲಿ ಇಲ್ಲ. 2026ರ ನವೆಂಬರ್ 1ರಿಂದ ತೆರಿಗೆ ಸೇರಿಸಿ ಕೊಟ್ಟು, ಹೊರಡುವಾಗ ಕಸ್ಟಮ್ಸ್‌ನಲ್ಲಿ ತೋರಿಸಿ ವಾಪಸು ಪಡೆಯುವ ಪದ್ಧತಿ. ಆಗ ವಸ್ತು ಕೈಗೆ ಸಿಗುವಂತಿರಬೇಕು. ಹಳೆಯ ಬುದ್ಧ ವಿಗ್ರಹ, ಚಿತ್ರಸುರುಳಿ ಕೊಂಡವರು ಅದು ಸಂರಕ್ಷಿತ ಸಾಂಸ್ಕೃತಿಕ ಆಸ್ತಿಯಲ್ಲವೆಂಬ ಪ್ರಮಾಣಪತ್ರವನ್ನು ಅಂಗಡಿಯವರ ಮೂಲಕವೇ ಮಾಡಿಸಿಕೊಳ್ಳುವುದು ಲೇಸು, ದಿನ ಹಿಡಿಯುತ್ತದೆ.

ಊರಿಗೆ ಇಳಿದ ಮೇಲೆ ರೆಡ್ ಚಾನೆಲ್‌ಗೇ ಹೋಗಿ. ರಸೀದಿ, ವಸ್ತುವಿನ ಎಲ್ಲ ಮಗ್ಗುಲಿನ ಫೋಟೊ, ಯಾವ ಮರವೆಂದು ಬರೆದ ಚೀಟಿ ಒಂದೇ ಕವರಿನಲ್ಲಿರಲಿ. 100 ವರ್ಷ ದಾಟಿದ ವಸ್ತುವಿಗೆ ಕಸ್ಟಮ್ಸ್ ಪಟ್ಟಿಯಲ್ಲಿ 9706 ಎಂಬ ಶೀರ್ಷಿಕೆ. ಕಾಲ ಬರೆದ ರಸೀದಿ ಇಲ್ಲದಿದ್ದರೆ ಅದರ ಕೆಳಗೆ ತೋರಿಸುವುದು ಕಷ್ಟ. ಒಳಬಂದ ಕಾಗದವನ್ನು ಎಸೆಯಬೇಡಿ. 1972ರ ಪ್ರಾಚೀನ ವಸ್ತು ಕಾಯ್ದೆಯ ವ್ಯಾಖ್ಯೆ 100 ವರ್ಷ ಎನ್ನುತ್ತದೆಯೇ ಹೊರತು ಭಾರತದಲ್ಲೇ ಮಾಡಿದ್ದಾಗಿರಬೇಕು ಎನ್ನುವುದಿಲ್ಲ. ಮುಂದೆ ಎಂದಾದರೂ ಅದೇ ಕಪ್ಪೆಯನ್ನು ಹೊರದೇಶದ ಹರಾಜಿಗೆ ಕಳಿಸಬೇಕೆಂದರೆ ಅದು ಹೊರಗಿನಿಂದ ಬಂದದ್ದೆಂದು ಹೇಳಲು ಆ ಕಾಗದವೊಂದೇ ಸಾಕ್ಷಿ.

ಮನೆಯಲ್ಲಿ ಮರದ ನೆಟ್ಸುಕೆಗೆ ಎಣ್ಣೆ, ಪಾಲಿಶ್ ಏನೂ ಬೇಡ. ಒಣ ಮೆತ್ತನೆಯ ಕುಂಚ, ತೊಳೆದು ಒರೆಸಿದ ಕೈ, ಅಷ್ಟೇ. ಆಗಾಗ ಕೈಯಲ್ಲಿ ಹಿಡಿದರೆ ಒಳ್ಳೆಯದೇ. ಮಂಗಳೂರು, ಕಾರವಾರದ ಕಡೆಯವರು ಮಳೆಗಾಲದಲ್ಲಿ ಡಬ್ಬಿಗೆ ಸಿಲಿಕಾ ಜೆಲ್ ಹಾಕಿ ತೇವ 50ರಿಂದ 60%ರಲ್ಲಿ ನಿಲ್ಲಿಸಬೇಕು, ಇಲ್ಲದಿದ್ದರೆ ಬೂಸಲು ಹಿಡಿಯುತ್ತದೆ. ಎ.ಸಿ. ಗಾಳಿ ನೇರ ಬೀಳುವ ಕಪಾಟು ಇನ್ನೂ ಕೆಟ್ಟದ್ದು: ತ್ಸುಗೆ ಬಿರಿಯುತ್ತದೆ, ಇನ್ರೊದ ಮೆರುಗು ಎದ್ದುಬರುತ್ತದೆ. ಡಬ್ಬಿಯ ತಳದಲ್ಲಿ ಹಿಟ್ಟಿನಂಥ ಪುಡಿ ಕಂಡರೆ ಒಳಗೆ ಹುಳುವಿದೆ. ಕಣ್ಣು ಕೂರಿಸದ, ಮೆರುಗಿಲ್ಲದ ಬರೀ ಮರದ ತುಂಡಾದರೆ ಗಾಳಿಯಾಡದ ಚೀಲದಲ್ಲಿ ಮೈನಸ್ 20 ಡಿಗ್ರಿಯಲ್ಲಿ ಎರಡು ವಾರ ಇಟ್ಟು, ಹೊರತೆಗೆದ ಮೇಲೂ ಒಂದು ದಿನ ಚೀಲ ಬಿಚ್ಚದೆ ಬಿಡಬೇಕು. ಕಣ್ಣು ಕೂರಿಸಿದ್ದಾದರೆ ಫ್ರೀಜರ್ ಬೇಡ. ಮರ ಮತ್ತು ಕೋಡು ಬೇರೆಬೇರೆ ಅಳತೆಯಲ್ಲಿ ಕುಗ್ಗಿ ಕಣ್ಣು ಉದುರುತ್ತದೆ.